ನಾರ್ಮಂಡಿ: ಹೆಸರು ಹಿಡಿದು ಎಣಿಸಿದ ಸಾವು

ತಂತಿ ಬಂತೆಂದರೆ ಎದೆ ಧಸಕ್ಕೆನ್ನುತ್ತಿದ್ದ ಎರಡನೇ ಮಹಾಯುದ್ಧದ ಕಾಲ. 1944ರ ಜುಲೈ ನಡುವಿನ ಒಂದು ಬೆಳಿಗ್ಗೆ. ಅಮೆರಿಕದ ವರ್ಜೀನಿಯಾ ರಾಜ್ಯದ ಬೆಡ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ, ಔಷಧಿ ಅಂಗಡಿಯೊಂದರ ಒಳಗಿದ್ದ ತಂತಿ ಕೌಂಟರಿನ ಯುವತಿ ಎಂದಿನಂತೆ ಯಂತ್ರ ಚಾಲೂ ಮಾಡಿದಳು. ಸಾವಿನ ಸುದ್ದಿಗಳಿವೆ ಎಂದು ಪಕ್ಕದ ರೋನೋಕ್ ನಗರದ ಕೇಂದ್ರ ಮೊದಲೇ ಎಚ್ಚರಿಸಿತು. ಅಂಥದ್ದೊಂದು ತಂತಿ ಆಗೊಮ್ಮೆ ಈಗೊಮ್ಮೆ ಬರುವುದಿತ್ತು. ಅವತ್ತು ಒಂದು ಮುಗಿಯುವುದರೊಳಗೆ ಇನ್ನೊಂದು ಶುರುವಾಯಿತು. ಕಾಗದದ ಮೇಲೆ ಮೂಡುತ್ತಿದ್ದ ಹೆಸರುಗಳೆಲ್ಲ ಅವಳು ಕಂಡು ಬಲ್ಲ ಹುಡುಗರವೇ. ಅಷ್ಟೂ ತಂತಿಗಳನ್ನು ಹಂಚಲು ಆಳು ಸಾಲದೆ ಊರಿನ ಷರೀಫ್, ಟ್ಯಾಕ್ಸಿ ಚಾಲಕ, ಹೀಗೆ ಕೈಗೆ ಸಿಕ್ಕವರನ್ನೆಲ್ಲ ಮನೆಮನೆಗೆ ಅಟ್ಟಬೇಕಾಯಿತು.

ಆ ಮನೆಗಳ ಮಕ್ಕಳು ಸತ್ತು ಆಗಲೇ ಆರು ವಾರ ಕಳೆದಿತ್ತು. ಜೂನ್ 6ರ ಬೆಳಗಿನ ಜಾವ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ನುಗ್ಗಿದ ಮಿತ್ರಪಡೆಗಳ ಮೊದಲ ಅಲೆಯಲ್ಲಿ ಅವರಿದ್ದರು. ಊರಿನ ಜನಸಂಖ್ಯೆ ಸುಮಾರು 3,200. ಆ ಒಂದೇ ದಿನ ಬೆಡ್‌ಫರ್ಡ್ ಕಳೆದುಕೊಂಡದ್ದು 20 ಮಂದಿಯನ್ನು. ಅವರಲ್ಲಿ 19 ಜನ 116ನೇ ಪದಾತಿ ರೆಜಿಮೆಂಟಿನ ‘ಎ’ ಕಂಪನಿಯವರು. ಹದಿನಾರು ಮಂದಿ ದೋಣಿಯಿಂದ ಇಳಿದ ಕೆಲವೇ ನಿಮಿಷಗಳಲ್ಲಿ ಹೋದರೆ, ಮೂವರ ಸುಳಿವೇ ಸಿಗಲಿಲ್ಲ. ಇಪ್ಪತ್ತನೆಯವರು ಬೇರೆ ಕಂಪನಿಯಲ್ಲಿದ್ದರು.

ಒಂದೇ ಊರಿನ ಇಷ್ಟು ಮಂದಿ ಒಂದೇ ದೋಣಿಸಾಲಿನಲ್ಲಿ ಇದ್ದದ್ದಕ್ಕೆ ಕಾರಣ ಸರಳ. ಅವರು ‘ನ್ಯಾಷನಲ್ ಗಾರ್ಡ್’ನವರು, ಅಂದರೆ ಊರೂರಿನ ಮೀಸಲು ಪಡೆಯವರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕವಾಯತಿಗೆ ಸಿಗುತ್ತಿದ್ದ ಒಂದು ಡಾಲರ್ ಬಡ ರೈತರ ಮಕ್ಕಳಿಗೆ ದೊಡ್ಡದಾಗಿತ್ತು. ಅಣ್ಣತಮ್ಮಂದಿರು, ಓರಗೆಯವರು ಒಟ್ಟಿಗೇ ಸೇರಿದರು; ಯುದ್ಧ ಬಂದಾಗ ಒಟ್ಟಿಗೇ ಹೊರಟರು.

ಆ ದಾಳಿಯ ದಿನಕ್ಕೆ ‘ಡಿ-ಡೇ’ ಎಂದು ಹೆಸರು. ಇಂದು ಅಮೆರಿಕದ ರಾಷ್ಟ್ರೀಯ ಡಿ-ಡೇ ಸ್ಮಾರಕ ಇರುವುದು ರಾಜಧಾನಿ ವಾಷಿಂಗ್ಟನ್ನಿನಲ್ಲಲ್ಲ, ಇದೇ ಬೆಡ್‌ಫರ್ಡ್‌ನಲ್ಲಿ. 2001ರ ಜೂನ್ 6ರಂದು ಅದರ ಉದ್ಘಾಟನೆ ಆಯಿತು. ಸ್ಮಾರಕದ ಗೋಡೆಗಳಿಗೆ ಸತ್ತವರ ಹೆಸರಿನ ಫಲಕ ಹಾಕಬೇಕು ಎಂದಾಗ ಒಂದು ವಿಚಿತ್ರ ಸಂಗತಿ ಬಯಲಾಯಿತು. ಇತಿಹಾಸದ ಅತಿ ಪ್ರಸಿದ್ಧ ದಾಳಿಯ ದಿನ ಎಷ್ಟು ಸೈನಿಕರು ಸತ್ತರು ಎಂಬ ಸರಿಯಾದ ಲೆಕ್ಕ, ಅರ್ಧ ಶತಮಾನ ಕಳೆದರೂ, ಯಾರ ಬಳಿಯೂ ಇರಲಿಲ್ಲ.

ಹವಾಮಾನ ನೋಡಿ ಹೊರಟ ಸೈನ್ಯ

ಆ ದಿನದ ಗಾತ್ರ ನೋಡಿದರೆ ಲೆಕ್ಕ ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಹಿಟ್ಲರನ ಹಿಡಿತದಲ್ಲಿದ್ದ ಪಶ್ಚಿಮ ಯುರೋಪನ್ನು ಬಿಡಿಸಲು ಹೂಡಿದ ‘ಓವರ್‌ಲಾರ್ಡ್’ ಕಾರ್ಯಾಚರಣೆಗೆ ಇಂಗ್ಲಿಷ್ ಕಾಲುವೆ ದಾಟಿದ್ದು ಸುಮಾರು 7,000 ಹಡಗು, ದೋಣಿಗಳು. ಮೇಲೆ 11,000ಕ್ಕೂ ಹೆಚ್ಚು ವಿಮಾನಗಳು. ಮೊದಲ ದಿನವೇ ಸುಮಾರು 1,56,000 ಸೈನಿಕರು ನೆಲ ಮುಟ್ಟಿದರು. ಯೂಟಾ, ಓಮಾಹಾ ಎಂದು ಗುಪ್ತ ಹೆಸರಿಟ್ಟ ತೀರಗಳು ಅಮೆರಿಕನ್ನರ ಪಾಲಿಗೆ; ಗೋಲ್ಡ್, ಸೋರ್ಡ್ ಬ್ರಿಟಿಷರಿಗೆ; ಜೂನೊ ಕೆನಡಾದವರಿಗೆ.

ಇಂಥ ದೈತ್ಯ ಸೈನ್ಯದ ಹಣೆಬರಹವನ್ನು ಒಂದು ವಾಯುಭಾರಮಾಪಕ ತೂಗಿತ್ತು. ದಾಳಿಗೆ ಮೊದಲು ಗೊತ್ತುಮಾಡಿದ್ದ ದಿನ ಜೂನ್ 5. ಐರ್ಲೆಂಡಿನ ಪಶ್ಚಿಮ ತುದಿಯ ಬ್ಲ್ಯಾಕ್‌ಸಾಡ್ ಎಂಬಲ್ಲಿ ಅಂಚೆ ಕಚೇರಿಯ ಕೆಲಸದ ಜೊತೆಗೆ ಹವಾಮಾನದ ದಾಖಲೆಯನ್ನೂ ನೋಡಿಕೊಳ್ಳುತ್ತಿದ್ದ ಮೌರೀನ್ ಫ್ಲಾವಿನ್, ತಮ್ಮ 21ನೇ ಹುಟ್ಟುಹಬ್ಬದ ದಿನವಾದ ಜೂನ್ 3ರ ನಡುರಾತ್ರಿ ಕಳೆದ ಮೇಲೆ ಎಂದಿನಂತೆ ವಾಯುಭಾರ ನೋಡಿದರು. ಅದು ಸರ್ರನೆ ಇಳಿಯುತ್ತಿತ್ತು. ವರದಿ ಕಳಿಸಿದ ಸ್ವಲ್ಪ ಹೊತ್ತಿಗೆ ಇಂಗ್ಲೆಂಡಿನಿಂದ ಫೋನು: ಇನ್ನೊಮ್ಮೆ ನೋಡಿ ಹೇಳಿ. ನೋಡಿದರು, ಅಂಕಿ ಅದೇ. ಮಿತ್ರಪಡೆಗಳ ಮುಖ್ಯ ಹವಾಮಾನ ತಜ್ಞ ಜೇಮ್ಸ್ ಸ್ಟ್ಯಾಗ್ ಬಿರುಗಾಳಿ ಬರುತ್ತಿದೆ ಎಂದರು. ದಂಡನಾಯಕ ಡ್ವೈಟ್ ಐಸೆನ್‌ಹೋವರ್ ಒಂದು ದಿನ ಮುಂದೂಡಿದರು. ಜೂನ್ 6ಕ್ಕೆ ಸ್ವಲ್ಪ ಬಿಡುವು ಸಿಗಬಹುದೆಂಬ ಸೂಚನೆಯ ಮೇಲೆ ‘ಹೊರಡಿ’ ಎಂದರು. ತಾವು ಓದಿದ ಅಂಕಿ ಯಾತಕ್ಕೆ ಬಳಕೆಯಾಯಿತು ಎಂಬುದು ಮೌರೀನ್ ಅವರಿಗೆ ತಿಳಿದದ್ದು ವರ್ಷಗಳು ಕಳೆದ ಮೇಲೆ.

ಆದೇಶ ಕೊಟ್ಟ ಐಸೆನ್‌ಹೋವರ್ ಒಂದು ಚೀಟಿಯನ್ನೂ ಬರೆದು ಪರ್ಸಿನಲ್ಲಿ ಇಟ್ಟುಕೊಂಡರು. ದಾಳಿ ಸೋತರೆ ಪ್ರಕಟಿಸಲು ಬರೆದ ನಾಲ್ಕು ಸಾಲು ಅದು. ಸೈನಿಕರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದ್ದಾರೆ, ತಪ್ಪೇನಾದರೂ ಇದ್ದರೆ ಅದು ಪೂರ್ತಿ ನನ್ನದು ಎಂಬುದು ಅದರ ಸಾರ. ಆ ಗಡಿಬಿಡಿಯಲ್ಲಿ ತಾರೀಖನ್ನು ಜೂನ್ ಬದಲು ಜುಲೈ 5 ಎಂದು ಬರೆದಿದ್ದರು. ಒಂದು ಕಡೆ ದಾಳಿಯ ಬಗ್ಗೆ ಬರೆದ ಪದಗಳನ್ನು ಹೊಡೆದುಹಾಕಿ, ದಾಳಿ ನನ್ನ ನಿರ್ಧಾರ ಎಂದು ತಿದ್ದಿದ್ದರು. ಚೀಟಿ ಬಳಸುವ ಪ್ರಸಂಗ ಬರಲಿಲ್ಲ. ಸಾವಿಗೆ ಹೊಣೆ ಹೊರುವ ಮಾತನ್ನು ಸಾವಿಗೆ ಮುಂಚೆಯೇ ಬರೆದಿಟ್ಟ ದಂಡನಾಯಕರು ಇತಿಹಾಸದಲ್ಲಿ ಬಹಳ ಇಲ್ಲ.

ಓಮಾಹಾದಲ್ಲಿ ಎಡವಿದ್ದೆಲ್ಲಿ?

ಐದು ತೀರಗಳಲ್ಲಿ ನಾಲ್ಕು ಕಡೆ ಎಣಿಸಿದ್ದಕ್ಕಿಂತ ಕಡಿಮೆ ಸಾವುನೋವಾಯಿತು. ಓಮಾಹಾದಲ್ಲಿ ಮಾತ್ರ ಒಂದಾದ ಮೇಲೊಂದು ಲೆಕ್ಕ ತಲೆಕೆಳಗಾಯಿತು. ಮೋಡ ಕವಿದಿದ್ದರಿಂದ ತಮ್ಮವರ ಮೇಲೇ ಬಾಂಬು ಬಿದ್ದೀತೆಂಬ ಭಯದಲ್ಲಿ ವಿಮಾನಗಳು ಕೆಲವು ಸೆಕೆಂಡು ತಡೆದು ಬಾಂಬು ಹಾಕಿದವು. ಅವೆಲ್ಲ ಜರ್ಮನ್ ಬಂಕರುಗಳನ್ನು ದಾಟಿ ಒಳನಾಡಿನ ಹೊಲಗಳಲ್ಲಿ ಬಿದ್ದವು. ನೀರಿನಲ್ಲಿ ತೇಲುವಂತೆ ಕ್ಯಾನ್ವಾಸ್ ಪರದೆ ಕಟ್ಟಿದ್ದ ಟ್ಯಾಂಕುಗಳಲ್ಲಿ ಒಂದು ಬೆಟಾಲಿಯನ್ 29ನ್ನು ದೂರದಲ್ಲೇ ಕಡಲಿಗೆ ಇಳಿಸಿತು. ಅಲೆಯ ಹೊಡೆತಕ್ಕೆ 27 ಮುಳುಗಿದವು. ಎದುರಿಗಿರುವುದು ದುರ್ಬಲ ತುಕಡಿ ಎಂದುಕೊಂಡಿದ್ದರೆ, ಅಲ್ಲಿ ಜರ್ಮನಿಯ 352ನೇ ಡಿವಿಷನ್ನಿನ ಪಳಗಿದ ಸೈನಿಕರೂ ಕಾದು ಕುಳಿತಿದ್ದರು.

ಬೆಳಿಗ್ಗೆ 6.30. ನೀರಿನೊಳಗಿನ ಅಡೆತಡೆಗಳು ಕಾಣಲಿ ಎಂದು ಇಳಿತದ ಹೊತ್ತನ್ನೇ ಆರಿಸಲಾಗಿತ್ತು. ಅದರಿಂದ ದೋಣಿಗಳು ಉಳಿದವು, ಆದರೆ ಸೈನಿಕರು ನೂರಾರು ಗಜ ಬಯಲು ಮರಳನ್ನು ದಾಟಬೇಕಾಯಿತು. ಬೆನ್ನಿಗೆ ಮಣಭಾರ, ಮೈಮೇಲೆ ನೆನೆದ ಉಣ್ಣೆಯ ಬಟ್ಟೆ, ಹಡಗಿನ ತೊನೆತಕ್ಕೆ ವಾಂತಿಯಾಗಿ ಬತ್ತಿದ ಹೊಟ್ಟೆ. ಎದುರಿನ ದಿಬ್ಬದ ಮೇಲೆ ಎರಡೂ ಕಡೆಯಿಂದ ಗುಂಡು ಸುರಿಸುವ ಮೆಷಿನ್‌ಗನ್ನುಗಳು. ಬೆಡ್‌ಫರ್ಡಿನ ಹುಡುಗರು ಇಳಿದದ್ದು ಇಂಥದ್ದೇ ಒಂದು ಗುಂಡಿನ ಕಣಿವೆಯ ಬಾಯಿಗೆ, ವೀರ್‌ವಿಲ್ ಹಳ್ಳಿಗೆ ಹತ್ತುವ ದಾರಿಯ ಬುಡಕ್ಕೆ.

ಅಲ್ಲಿಂದ ಬದುಕಿ ಮುಂದೆ ತೆವಳಿದವರು ನೊರಜುಗಲ್ಲಿನ ಒಂದು ಏರಿಯ ಮರೆಗೆ ಬಿದ್ದರು. ಅದರಾಚೆ ಸುರುಳಿ ಸುರುಳಿ ಮುಳ್ಳುತಂತಿ. ತಂತಿ ಸೀಳದೆ ಮುಂದಕ್ಕೆ ಹೆಜ್ಜೆಯಿಲ್ಲ. ಆಗ ಕೂಗು ಬಿದ್ದದ್ದು ‘ಬ್ಯಾಂಗಲೂರ್’ಗಳನ್ನು ತನ್ನಿ ಎಂದು. ಸುಮಾರು ಐದಡಿ ಉದ್ದದ ಕಬ್ಬಿಣದ ಕೊಳವೆಗಳು ಅವು, ಒಳಗೆ ಸಿಡಿಮದ್ದು. ಒಂದಕ್ಕೊಂದು ಸಿಕ್ಕಿಸುತ್ತಾ, ನೆಲಕ್ಕೆ ಅವಚಿ ಮಲಗಿಯೇ ಮುಳ್ಳುತಂತಿಯ ಅಡಿಗೆ ತಳ್ಳಬೇಕು. ಬತ್ತಿ ಹಚ್ಚಿದರೆ ತಂತಿ ಹರಿದು, ಅಡಿಯ ನೆಲಬಾಂಬುಗಳೂ ಸಿಡಿದು, ಒಬ್ಬರ ಹಿಂದೊಬ್ಬರು ಓಡುವಷ್ಟು ದಾರಿ ತೆರೆಯುತ್ತದೆ. ಈ ಸಾಧನ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮ್ಯಾಕ್‌ಕ್ಲಿಂಟಾಕ್ ಎಂಬ ಬ್ರಿಟಿಷ್ ಎಂಜಿನಿಯರ್ ಅಧಿಕಾರಿ ಇದನ್ನು ರೂಪಿಸಿದರು. ಇಂದು ಹಲಸೂರು ಕೆರೆಯ ಮಗ್ಗುಲಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಅದೇ ಪಡೆಯ ಮುಂದುವರಿಕೆ. ಹಳೆಯ ಯುದ್ಧಗಳು ಬಿಟ್ಟುಹೋದ ಸಿಡಿಮದ್ದು, ಅಡ್ಡಗಟ್ಟೆಗಳನ್ನು ದೂರದಿಂದಲೇ ತೆಗೆಯಲು ಹೊಳೆದ ಉಪಾಯ, 32 ವರ್ಷಗಳ ನಂತರ ಫ್ರಾನ್ಸಿನ ಮರಳಿನಲ್ಲಿ ಹಲವರ ಪ್ರಾಣ ಉಳಿಸಿತು. ಕೊಳವೆ ತಳ್ಳಲು ಮುಂದೆ ತೆವಳಿದವರಲ್ಲಿ ಹಲವರ ಪ್ರಾಣ ತೆಗೆಯಿತು ಕೂಡ.

ಕೊನೆಗೆ ಓಮಾಹಾ ಗೆದ್ದದ್ದು ಯಾವ ನಕ್ಷೆಯ ಪ್ರಕಾರವೂ ಅಲ್ಲ. ತಳ ತಾಗುವ ಅಪಾಯ ಲೆಕ್ಕಿಸದೆ ದಡದ ಹತ್ತಿರ ಬಂದು ಫಿರಂಗಿ ಹಾರಿಸಿದ ಯುದ್ಧನೌಕೆಗಳು, ಅಧಿಕಾರಿಗಳು ಸತ್ತ ಮೇಲೆ ತಾವೇ ದಾರಿ ಹುಡುಕಿ ದಿಬ್ಬ ಹತ್ತಿದ ಐದು ಹತ್ತು ಜನರ ಗುಂಪುಗಳು, ಇವುಗಳಿಂದ.

ಸತ್ತವರು ಎಷ್ಟು ಮಂದಿ?

ಮಿತ್ರಪಡೆಗಳ ಕಡೆ ಅಂದು ಸತ್ತವರು ‘ಸುಮಾರು 2,500’ ಎಂಬ ಮಾತು ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂತು. ಬೆಡ್‌ಫರ್ಡ್ ಸ್ಮಾರಕದವರು ಅದಕ್ಕೆ ತೃಪ್ತರಾಗಲಿಲ್ಲ. ಗ್ರಂಥಪಾಲಕಿ ಕ್ಯಾರಲ್ ಟಕ್‌ವಿಲರ್ ಅವರಿಗೆ ಒಂದೊಂದೇ ಹೆಸರು ಹುಡುಕುವ ಕೆಲಸ ಒಪ್ಪಿಸಿದರು. ಅವರು ಕೆಲವು ವರ್ಷ ಕೂತು ತುಕಡಿಗಳ ದಿನಚರಿ, ಸಮಾಧಿಯ ಕಡತ, ಕುಟುಂಬಗಳ ಪತ್ರಗಳನ್ನು ತಾಳೆ ನೋಡಿದರು. ಹೊರಬಿದ್ದ ಸಂಖ್ಯೆ 4,414. ಸುಮಾರು 2,500 ಎಂಬುದು ಅಮೆರಿಕನ್ನರ ಸಾವೇ ಆಗಿತ್ತು. ಬ್ರಿಟನ್, ಕೆನಡಾ ಮತ್ತಿತರ ದೇಶಗಳವರು ಸೇರಿ ಇನ್ನೂ 1,900ಕ್ಕೂ ಹೆಚ್ಚು ಮಂದಿ ಅಂದೇ ಸತ್ತಿದ್ದರು.

ಈ ಎಣಿಕೆ ಯಾಕೆ ಕಷ್ಟ ಎಂದರೆ, ಯುದ್ಧದ ದಿನ ಗುಮಾಸ್ತರೂ ಸಾಯುತ್ತಾರೆ, ಹಾಜರಿ ಪುಸ್ತಕವೂ ಮುಳುಗುತ್ತದೆ. ಬದುಕಿದವರು ಹಾಜರಿ ಕರೆಯಲು ಕೂತದ್ದು ಎರಡು ಮೂರು ದಿನ ಬಿಟ್ಟು. ಜೂನ್ 6ರಂದು ಸತ್ತವನ ತಾರೀಖು 8 ಎಂದು ಬಿದ್ದಿರುತ್ತದೆ. ಕಾಣೆಯಾದವನನ್ನು ಸತ್ತವನೆಂದು ಘೋಷಿಸುವುದು ಒಂದು ವರ್ಷದ ಮೇಲೆ. ನಾವಿಕರ ದಾಖಲೆ ಒಂದು ಕಡೆ, ವಿಮಾನದವರದು ಇನ್ನೊಂದು ಕಡೆ. ಹೀಗಾಗಿ ಬೆಡ್‌ಫರ್ಡಿನ ಗೋಡೆಯ ಮೇಲಿನ ಪಟ್ಟಿ ಈಗಲೂ ತಿದ್ದುಪಡಿಗೆ ತೆರೆದೇ ಇದೆ.

ಬ್ರಿಟನ್ನಿಗೆ ಇಂಥ ಸ್ಮಾರಕ ಆಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಗೋಲ್ಡ್ ತೀರವನ್ನು ನೋಡುವ ವೇರ್-ಸುರ್-ಮೇರ್ ಊರಿನ ಗುಡ್ಡದ ಮೇಲೆ 2021ರ ಜೂನ್ 6ರಂದು ತೆರೆದ ಬ್ರಿಟಿಷ್ ನಾರ್ಮಂಡಿ ಸ್ಮಾರಕದ ಕಲ್ಲುಕಂಬಗಳ ಮೇಲೆ 22,442 ಹೆಸರುಗಳಿವೆ. ಜೂನ್ 6ರಿಂದ ಆಗಸ್ಟ್ 31ರವರೆಗೆ ಬ್ರಿಟಿಷ್ ಅಧೀನದಲ್ಲಿ ಹೋರಾಡಿ ಸತ್ತವರೆಲ್ಲ ಅದರಲ್ಲಿದ್ದಾರೆ. ಏಕೆಂದರೆ ಡಿ-ಡೇ ಬಾಗಿಲು ಮಾತ್ರ. ಅದರಾಚೆಯ ನಾರ್ಮಂಡಿ ಕದನ ಆಗಸ್ಟ್ ಕೊನೆಯವರೆಗೆ ನಡೆದು ಮಿತ್ರರ ನೆಲಸೈನ್ಯದಲ್ಲೇ ಸುಮಾರು 37,000 ಮಂದಿಯನ್ನು ನುಂಗಿತು.

ಊರಿಗೆ ತರುವುದೋ, ಅಲ್ಲೇ ಮಣ್ಣು ಮಾಡುವುದೋ

ಸತ್ತವರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಎರಡು ದೇಶಗಳು ಬೇರೆ ಬೇರೆ ಉತ್ತರ ಕಂಡುಕೊಂಡವು.

ಅಮೆರಿಕ ಯುದ್ಧ ಮುಗಿದ ಮೇಲೆ ಪ್ರತಿ ಕುಟುಂಬಕ್ಕೂ ಪತ್ರ ಬರೆದು ಕೇಳಿತು: ದೇಹ ಊರಿಗೆ ಬರಲೋ, ಅಲ್ಲಿನ ಸೇನಾ ಸ್ಮಶಾನದಲ್ಲೇ ಇರಲೋ? ಐದರಲ್ಲಿ ಮೂರು ಕುಟುಂಬಗಳು ಊರಿಗೆ ಕಳಿಸಿ ಎಂದವು. ಓಮಾಹಾ ತೀರದ ಮೇಲಿನ ಕೋಲ್‌ವಿಲ್ ದಿಬ್ಬದ ಸ್ಮಶಾನದಲ್ಲಿ ಇಂದು ಕಾಣುವ 9,380ಕ್ಕೂ ಹೆಚ್ಚು ಬಿಳಿ ಅಮೃತಶಿಲೆಯ ಶಿಲುಬೆ, ದಾವೀದನ ನಕ್ಷತ್ರಗಳು ‘ಅಲ್ಲೇ ಇರಲಿ’ ಎಂದ ಮನೆಗಳವು. ಎಲ್ಲವೂ ಪಶ್ಚಿಮಕ್ಕೆ, ತಾಯ್ನಾಡಿನ ದಿಕ್ಕಿಗೆ ಮುಖ ಮಾಡಿವೆ. ದೇಹ ಸಿಗದ 1,557 ಮಂದಿಯ ಹೆಸರು ಪಕ್ಕದ ಗೋಡೆಯ ಮೇಲಿದೆ. ಮುಂದೆಂದಾದರೂ ಗುರುತು ಸಿಕ್ಕರೆ ಆ ಹೆಸರಿನ ಪಕ್ಕ ಒಂದು ಸಣ್ಣ ಕಂಚಿನ ಹೂವು ಕೂರುತ್ತದೆ.

ಬೆಡ್‌ಫರ್ಡಿನ ಹೋಬ್ಯಾಕ್ ಮನೆಯ ಇಬ್ಬರು ಅಣ್ಣತಮ್ಮಂದಿರು, ಬೆಡ್‌ಫರ್ಡ್ ಮತ್ತು ರೇಮಂಡ್, ಇದೇ ತೀರದಲ್ಲಿ ಸತ್ತರು. ಸಾವಿನ ತಂತಿಗಳ ಬೆನ್ನಿಗೇ ತಾಯಿಗೆ ಒಂದು ಪೊಟ್ಟಣ ಬಂತು. ಅಪರಿಚಿತ ಸೈನಿಕನೊಬ್ಬ ಮರಳಿನಲ್ಲಿ ಬಿದ್ದಿದ್ದ ಬೈಬಲ್ ಒಂದನ್ನು ಎತ್ತಿಕೊಂಡು, ಒಳಪುಟದ ವಿಳಾಸ ನೋಡಿ ಕಳಿಸಿದ್ದ. ರೇಮಂಡ್‌ಗೆ 1938ರ ಕ್ರಿಸ್‌ಮಸ್ಸಿಗೆ ತಾಯಿಯೇ ಕೊಟ್ಟ ಬೈಬಲ್ ಅದು. ಕಳಿಸಿದವನಿಗೆ ರೇಮಂಡ್ ಸತ್ತದ್ದು ಗೊತ್ತಿರಲಿಲ್ಲ; ನಿಮ್ಮ ಮಗ ಚೆನ್ನಾಗಿದ್ದಾನೆಂದು ನಂಬಿದ್ದೇನೆ ಎಂಬ ಅರ್ಥದಲ್ಲಿ ಪತ್ರ ಬರೆದಿದ್ದ. ರೇಮಂಡ್‌ನ ದೇಹ ಸಿಗಲೇ ಇಲ್ಲ. ಅಣ್ಣನ ದೇಹ ಊರಿಗೆ ತರಬಹುದಿತ್ತು. ತಮ್ಮನನ್ನು ಒಬ್ಬನನ್ನೇ ಅಲ್ಲಿ ಬಿಡುವುದು ಬೇಡವೆಂದು ಮನೆಯವರು ಇಬ್ಬರನ್ನೂ ಅಲ್ಲೇ ಬಿಟ್ಟರು. ಒಬ್ಬರದು ಸಮಾಧಿ, ಇನ್ನೊಬ್ಬರದು ಗೋಡೆಯ ಮೇಲಿನ ಹೆಸರು.

ಸತ್ತವರ ಮನೆಯವರು ಬಂದಾಗ ಸ್ಮಶಾನದ ಸಿಬ್ಬಂದಿ ಒಂದು ಕೆಲಸ ಮಾಡುತ್ತಾರೆ. ಬಿಳಿ ಕಲ್ಲಿನಲ್ಲಿ ಕೆತ್ತಿದ ಬಿಳಿ ಅಕ್ಷರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಓಮಾಹಾ ತೀರದಿಂದ ಬಕೆಟಿನಲ್ಲಿ ತಂದ ಒದ್ದೆ ಮರಳನ್ನು ಕೆತ್ತನೆಯೊಳಗೆ ಒತ್ತಿ, ಸ್ಪಂಜಿನಲ್ಲಿ ಹೆಚ್ಚಿನದ್ದನ್ನು ಒರೆಸುತ್ತಾರೆ. ಹೆಸರು ಹೊಂಬಣ್ಣದಲ್ಲಿ ಎದ್ದು ನಿಲ್ಲುತ್ತದೆ. ಫೋಟೊ ತೆಗೆದುಕೊಂಡು ಮನೆಯವರು ಹೊರಟ ಮೇಲೆ, ಮಳೆ ಬಂದು ಮರಳು ತೊಳೆದುಹೋಗುತ್ತದೆ. ಇನ್ನೊಂದು ಮನೆಯವರು ಬಂದಾಗ ಮತ್ತೆ ಬಕೆಟ್.

ಬ್ರಿಟನ್ನಿನ ದಾರಿ ಬೇರೆ. ಮೊದಲ ಮಹಾಯುದ್ಧದ ಆರಂಭದಲ್ಲಿ, 1915ರಲ್ಲಿ, ಹಳೆಯ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅವರ ಮೊಮ್ಮಗನ ದೇಹವನ್ನು ಪ್ರಭಾವ ಬಳಸಿ ಊರಿಗೆ ತರಲಾಯಿತು. ಉಳ್ಳವರ ಮಕ್ಕಳಿಗೊಂದು, ಇಲ್ಲದವರ ಮಕ್ಕಳಿಗೊಂದು ಎಂಬಂತಾದರೆ ಹೇಗೆ ಎಂಬ ಪ್ರಶ್ನೆ ಎದ್ದಿತು. ಯಾರ ದೇಹವನ್ನೂ ತರುವಂತಿಲ್ಲ ಎಂಬ ನಿಷೇಧ ಅದರ ಫಲ. 1917ರಲ್ಲಿ ಹುಟ್ಟಿದ, ಈಗ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎನಿಸಿಕೊಂಡ ಸಂಸ್ಥೆ ಇದನ್ನೇ ನೀತಿ ಮಾಡಿಕೊಂಡಿತು: ಜನರಲ್ ಆಗಲಿ, ಸಿಪಾಯಿಯಾಗಲಿ, ಒಂದೇ ಅಳತೆಯ ಕಲ್ಲು. ನಾರ್ಮಂಡಿಯ ಬಾಯೊ ಪಟ್ಟಣದ ಸ್ಮಶಾನದಲ್ಲಿ ಹಾಗೆ 4,144 ಕಲ್ಲುಗಳಿವೆ. ಅವುಗಳ ಅಡಿಯಲ್ಲಿ ಮನೆಯವರು ತಮ್ಮ ಮಾತು ಬರೆಸಬಹುದಿತ್ತು, ಹೆಚ್ಚೆಂದರೆ ಅರವತ್ತರ ಆಸುಪಾಸಿನ ಅಕ್ಷರ. ಮಗನ ಬಗ್ಗೆ ಒಬ್ಬ ತಂದೆ, ಗಂಡನ ಬಗ್ಗೆ ಒಬ್ಬ ಹೆಂಡತಿ ಅಷ್ಟರಲ್ಲೇ ಹೇಳಿ ಮುಗಿಸಬೇಕು. ದಾಳಿಯಲ್ಲಿ ಶತ್ರುವಿನ ಗುಂಡಿಗೆ ಬಲಿಯಾದ ಮೊದಲ ಬ್ರಿಟಿಷ್ ಸೈನಿಕರೆಂದು ಹೇಳಲಾಗುವ ಲೆಫ್ಟಿನೆಂಟ್ ಡೆನ್ ಬ್ರದರಿಜ್ ಅವರ ಕಲ್ಲು ರಾನ್‌ವಿಲ್ ಚರ್ಚಿನ ಅಂಗಳದಲ್ಲಿದೆ. ನಡುರಾತ್ರಿ 12.16ಕ್ಕೆ ಗ್ಲೈಡರಿನಲ್ಲಿ ಇಳಿದು ಒಳನಾಡಿನ ಕಾಲುವೆಯೊಂದರ ಸೇತುವೆ ಹಿಡಿಯಲು ಮುಂದೆ ಓಡಿದವರು ಅವರು. ಮಗಳು ಹುಟ್ಟಿದ್ದು ಎರಡು ಮೂರು ವಾರಗಳ ಮೇಲೆ.

ಪಟ್ಟಿಯ ಹೊರಗೆ ಉಳಿದವರು

ಹೆಸರು ಬರೆಯಲು ಕೂತಾಗಲೇ ಯಾರ ಹೆಸರು ಬಿಟ್ಟಿದೆ ಎಂಬುದು ಕಾಣುವುದು.

ದಾಳಿಗೆ ಆರು ವಾರ ಮುಂಚೆ, ಏಪ್ರಿಲ್ 28ರಂದು, ಇಂಗ್ಲೆಂಡಿನ ಸ್ಲ್ಯಾಪ್ಟನ್ ತೀರದ ಬಳಿ ಯೂಟಾ ದಾಳಿಯ ತಾಲೀಮು ನಡೆಯುತ್ತಿತ್ತು. ಸುಳಿವು ಸಿಕ್ಕ ಜರ್ಮನ್ ವೇಗದ ದೋಣಿಗಳು ಕತ್ತಲಲ್ಲಿ ಟಾರ್ಪಿಡೊ ಹೊಡೆದವು. ಸತ್ತ ಅಮೆರಿಕನ್ನರು 749. ನಿಜವಾದ ದಾಳಿಯ ದಿನ ಯೂಟಾದಲ್ಲಿ ಇಳಿದ ಡಿವಿಷನ್ನಿನ ಸತ್ತವರು, ಗಾಯಗೊಂಡವರು ಎಲ್ಲ ಸೇರಿಯೂ ಇನ್ನೂರು ದಾಟಲಿಲ್ಲ! ದಾಳಿಯ ಗುಟ್ಟು ಬಯಲಾಗದಂತೆ ಎಲ್ಲರ ಬಾಯಿಗೂ ಬೀಗ ಬಿತ್ತು. ಆಮೇಲೆ ಅಂಕಿಗಳು ಹೊರಬಂದರೂ ಗೆಲುವಿನ ಸುದ್ದಿಯ ಅಬ್ಬರದಲ್ಲಿ ಯಾರೂ ಕಿವಿಗೊಡಲಿಲ್ಲ. ಕೆನ್ ಸ್ಮಾಲ್ ಎಂಬ ಸ್ಥಳೀಯರೊಬ್ಬರು ಆ ಸಮುದ್ರತಳದ ಟ್ಯಾಂಕೊಂದನ್ನು ಅಮೆರಿಕ ಸರ್ಕಾರದಿಂದ 50 ಡಾಲರಿಗೆ ಕೊಂಡು, 1984ರಲ್ಲಿ ಮೇಲೆತ್ತಿಸಿ ದಡದಲ್ಲಿ ನಿಲ್ಲಿಸಿದರು. ಸರ್ಕಾರಗಳಿಗಿಂತ ಮೊದಲು ಸ್ಮಾರಕ ಕಟ್ಟಿದವರು ಅವರೇ.

ವೇವರ್ಲಿ ವುಡ್‌ಸನ್ ಕಪ್ಪು ಜನಾಂಗದ ಸೇನಾ ವೈದ್ಯಕೀಯ ಸಹಾಯಕ. ಓಮಾಹಾದಲ್ಲಿ ಇಳಿಯುವ ಮೊದಲೇ ತೊಡೆಗೆ ಸಿಡಿಗುಂಡಿನ ಚೂರು ಹೊಕ್ಕಿತ್ತು. ಅದಕ್ಕೆ ಪಟ್ಟಿ ಕಟ್ಟಿಸಿಕೊಂಡು ಸುಮಾರು 30 ಗಂಟೆ ಎಡೆಬಿಡದೆ, ಇನ್ನೂರರಷ್ಟು ಗಾಯಾಳುಗಳ ಶುಶ್ರೂಷೆ ಮಾಡಿದರು. ಆ ಮಹಾಯುದ್ಧದಲ್ಲಿ ಹೋರಾಡಿದ ಒಬ್ಬ ಕಪ್ಪು ಸೈನಿಕನಿಗೂ ಆಗ ಅಮೆರಿಕದ ಅತ್ಯುನ್ನತ ಪದಕ ದಕ್ಕಲಿಲ್ಲ. ಪತ್ನಿ ವರ್ಷಗಟ್ಟಲೆ ಹೋರಾಡಿದ ಮೇಲೆ ವುಡ್‌ಸನ್ ಅವರಿಗೆ ಎರಡನೇ ದರ್ಜೆಯ ‘ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್’ ಘೋಷಣೆಯಾದದ್ದು 2024ರಲ್ಲಿ. ಅವರು ತೀರಿಕೊಂಡು ಅಷ್ಟರಲ್ಲಿ 19 ವರ್ಷ.

ಬ್ರಿಟಿಷ್ ಸ್ಮಾರಕದ 22,442 ಹೆಸರುಗಳಲ್ಲಿ ಹೆಂಗಸರದು ಎರಡೇ: ಮಾಲಿ ಎವರ್‌ಶೆಡ್ ಮತ್ತು ಡೊರೊಥಿ ಫೀಲ್ಡ್ ಎಂಬ ದಾದಿಯರು. ಆಗಸ್ಟ್ 7ರಂದು ‘ಆಮ್‌ಸ್ಟರ್‌ಡ್ಯಾಮ್’ ಆಸ್ಪತ್ರೆ ಹಡಗು ಮುಳುಗುವಾಗ 75 ಗಾಯಾಳುಗಳನ್ನು ಮೇಲೆ ಸಾಗಿಸಿ, ಮತ್ತೆ ಒಳಗಿಳಿದವರು ಹೊರಗೆ ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಬಿಟ್ಟ ಸ್ಥಳ ನಾರ್ಮಂಡಿಯ ಜನರದ್ದೇ. ಜರ್ಮನ್ ಸೈನ್ಯ ಬೇಗ ತೀರ ತಲುಪದಂತೆ ತಡೆಯಲು ಮಿತ್ರ ವಿಮಾನಗಳು ಕಾನ್, ಸೇಂಟ್-ಲೊ, ಲೀಸಿಯೊ ಪಟ್ಟಣಗಳ ರಸ್ತೆಗಳ ಮೇಲೆ ಬಾಂಬು ಸುರಿದವು. ರಸ್ತೆಗಳ ಬದಿಯಲ್ಲಿ ಮನೆಗಳಿದ್ದವು. ಆ ಬೇಸಿಗೆಯಲ್ಲಿ ಸತ್ತ ನಾಗರಿಕರು ಸುಮಾರು 20,000. ಬಿಡಿಸಲು ಬಂದವರ ಬಾಂಬಿಗೇ ಸತ್ತವರನ್ನು ಹೇಗೆ ನೆನೆಯುವುದು? ಕೃತಜ್ಞತೆಯ ಸಮಾರಂಭದಲ್ಲಿ ಆ ದುಃಖಕ್ಕೆ ಜಾಗವಿರಲಿಲ್ಲ. ಅವರಿಗೆ ಫ್ರಾನ್ಸ್ ಅಧ್ಯಕ್ಷರು ಡಿ-ಡೇ ದಿನವೇ ಅಧಿಕೃತ ಗೌರವ ಸಲ್ಲಿಸಿದ್ದು 70ನೇ ವರ್ಷದಲ್ಲಿ, 2014ರಲ್ಲಿ.

ಶತ್ರುವಿಗೂ ಒಂದು ಕಲ್ಲು

ಬಾಯೊದಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಲಾ ಕಾಂಬ್ ಸ್ಮಶಾನವಿದೆ. ಕಪ್ಪು ಕಲ್ಲಿನ ಗಿಡ್ಡ ಶಿಲುಬೆಗಳ ನಡುವೆ 21,000ಕ್ಕೂ ಹೆಚ್ಚು ಜರ್ಮನ್ನರು ಮಲಗಿದ್ದಾರೆ. ಅವರಲ್ಲಿ ಹದಿಹರೆಯದ ಹುಡುಗರಿದ್ದಾರೆ. ದಾಳಿಯಾಗಿ ನಾಲ್ಕು ದಿನಕ್ಕೆ, ಜೂನ್ 10ರಂದು, ಓರಾದೂರ್-ಸುರ್-ಗ್ಲಾನ್ ಹಳ್ಳಿಯ 640ಕ್ಕೂ ಹೆಚ್ಚು ಜನರನ್ನು, ಮಕ್ಕಳೆನ್ನದೆ ಹೆಂಗಸರೆನ್ನದೆ, ಕೊಂದು ಸುಟ್ಟ ನಾಜಿ ಎಸ್‌ಎಸ್ ತುಕಡಿಯ ನಾಯಕ ಡೀಕ್‌ಮನ್ ಕೂಡ ಇದ್ದಾನೆ. ಸತ್ತವರಿಗೆಲ್ಲ ಒಂದೇ ಅಳತೆಯ ಕಲ್ಲು ಎಂಬ ನ್ಯಾಯ ಇಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಮಾಧಿ ಪ್ರತಿಯೊಬ್ಬ ಸತ್ತವನ ಹಕ್ಕು, ಗೌರವ ಪ್ರತಿಯೊಬ್ಬನ ಹಕ್ಕಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಮಾತ್ರ ಲಾ ಕಾಂಬ್‌ನಲ್ಲಿ ನಿಲ್ಲಲು ಸಾಧ್ಯ.

ರಾಜಕಾರಣಿಗಳಿಗೂ ನಾರ್ಮಂಡಿಗೆ ಬರಲು ಸಮಯ ಹಿಡಿಯಿತು. 1984ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅಲ್ಲಿನ ಪಾಯಿಂಟ್ ದು ಹಾಕ್ ಬಂಡೆಯ ಮೇಲೆ ನಿಂತು ಮಾತಾಡಿದ ಮೇಲೆ ಜೂನ್ 6 ಜಗತ್ತಿನ ನಾಯಕರ ಹಬ್ಬವಾಯಿತು. ಜರ್ಮನಿಯ ಚಾನ್ಸಲರ್ ಒಬ್ಬರು ಮೊದಲ ಬಾರಿಗೆ ಪಾಲ್ಗೊಂಡದ್ದು 2004ರಲ್ಲಿ, ಗೆರ್ಹಾರ್ಡ್ ಶ್ರೋಡರ್. ಇತ್ತ ಸಾಕ್ಷಿಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬ್ರಿಟನ್ನಿನ ನಾರ್ಮಂಡಿ ಯೋಧರ ಸಂಘ ಸದಸ್ಯರಿಗೆ ವಯಸ್ಸಾಯಿತೆಂದು 2014ರಲ್ಲೇ ಬಾಗಿಲು ಮುಚ್ಚಿತು. ಅಂದು ಇಳಿದ 177 ಫ್ರೆಂಚ್ ಕಮಾಂಡೊಗಳಲ್ಲಿ ಕೊನೆಯವರಾದ ಲಿಯೋ ಗೋತಿಯೆ 2023ರ ಜುಲೈನಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಂಡರು. ‘ನಾನಲ್ಲಿದ್ದೆ’ ಎನ್ನುವವರೇ ಇಲ್ಲದಾದಾಗ ಉಳಿಯುವುದು ಬರೆದಿಟ್ಟದ್ದಷ್ಟೇ.

ಅದೇ ಜೂನ್, ಕೊಹಿಮಾ

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಾರ್ಮಂಡಿಯಲ್ಲಿ ದೋಣಿಗಳು ದಡ ಮುಟ್ಟಿದ ಅದೇ ತಿಂಗಳು, ನಮ್ಮ ಈಶಾನ್ಯದಲ್ಲಿ ಇನ್ನೊಂದು ಆಕ್ರಮಣ ಮುರಿದು ಬೀಳುತ್ತಿತ್ತು. 1944ರ ಮಾರ್ಚಿನಲ್ಲಿ ಬರ್ಮಾ ಗಡಿ ದಾಟಿ ಬಂದ 80,000ಕ್ಕೂ ಹೆಚ್ಚು ಮಂದಿಯ ಜಪಾನಿ ಸೈನ್ಯವನ್ನು ಬ್ರಿಟಿಷ್, ಭಾರತೀಯ ಪಡೆಗಳು ಇಂಫಾಲ ಮತ್ತು ಕೊಹಿಮಾದಲ್ಲಿ ತಡೆದು, ಜೂನ್ 22ರಂದು ಎರಡೂ ಊರುಗಳ ನಡುವಿನ ರಸ್ತೆ ತೆರವು ಮಾಡಿದವು. ಕೊಹಿಮಾದಲ್ಲಿ ಜಿಲ್ಲಾಧಿಕಾರಿ ಬಂಗಲೆಯ ಟೆನಿಸ್ ಅಂಗಣದ ಆಚೆ ಈಚೆ ನಿಂತು, ಕೈಬಾಂಬು ಎಸೆಯುವಷ್ಟು ಹತ್ತಿರದಲ್ಲಿ ಎರಡೂ ಸೈನ್ಯಗಳು ವಾರಗಟ್ಟಲೆ ಕಾದಾಡಿದವು. ಬ್ರಿಟನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯ 2013ರಲ್ಲಿ ಬ್ರಿಟಿಷ್ ಸೈನ್ಯದ ಅತಿ ದೊಡ್ಡ ಕದನ ಯಾವುದೆಂದು ಮತ ಕೇಳಿದಾಗ ಡಿ-ಡೇ ಮತ್ತು ವಾಟರ್‌ಲೂವನ್ನು ಹಿಂದಿಕ್ಕಿ ಗೆದ್ದದ್ದು ಇಂಫಾಲ-ಕೊಹಿಮಾ. ನಮ್ಮಲ್ಲಿ ಎಷ್ಟು ಜನಕ್ಕೆ ಅದರ ಕಥೆ ಗೊತ್ತು?

ಗೊತ್ತಿಲ್ಲದ್ದಕ್ಕೆ ಕಾರಣವೂ ಇದೆ. ಜಪಾನಿಯರ ಜೊತೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಸೇನೆಯ (ಐಎನ್‌ಎ) ಸೈನಿಕರೂ ಬಂದಿದ್ದರು. ಎದುರಿಗಿದ್ದವರೂ ಭಾರತೀಯರೇ. ಸ್ವತಂತ್ರ ದೇಶಕ್ಕೆ ಯಾರನ್ನು ನೆನೆಯುವುದು ಎಂಬ ಇಕ್ಕಟ್ಟು. ಐಎನ್‌ಎಗೆ ಮೊಯಿರಾಂಗ್‌ನಲ್ಲಿ ಸ್ಮಾರಕವಾಯಿತು, ಆಗಬೇಕಾದದ್ದೇ. ಕೊಹಿಮಾದ ಮೆಟ್ಟಿಲು ಮೆಟ್ಟಿಲಾದ ಸೇನಾ ಸ್ಮಶಾನದಲ್ಲಿ 1,420 ಸಮಾಧಿಗಳಿವೆ. ತಮ್ಮ ಧರ್ಮದಂತೆ ದಹನವಾದ 917 ಹಿಂದೂ, ಸಿಖ್ ಸೈನಿಕರ ಹೆಸರುಗಳಿಗೆ ಪ್ರತ್ಯೇಕ ಸ್ಮಾರಕವಿದೆ. ಎರಡನೇ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 87,000. ಇಂಡಿಯಾ ಗೇಟಿನ ಮೇಲಿರುವ ಹೆಸರುಗಳು ಅದಕ್ಕೂ ಹಿಂದಿನ ಯುದ್ಧಗಳವು. 2019ರಲ್ಲಿ ಪಕ್ಕದಲ್ಲೇ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಇರುವವರು ಸ್ವಾತಂತ್ರ್ಯಾನಂತರದವರು. ನಡುವಿನವರು ಎರಡೂ ಕಡೆ ಸಲ್ಲದೆ ಉಳಿದರು.

ಎಲ್ಲರಿಗೂ ಒಂದೇ ಅಳತೆ ಎಂದ ಬ್ರಿಟಿಷ್ ಸಂಸ್ಥೆಯ ಪಟ್ಟಿಯೂ ಪೂರ್ಣವಲ್ಲ. 2021ರಲ್ಲಿ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತಾನೇ ಪ್ರಕಟಿಸಿದ ವರದಿಯೊಂದು ಅದನ್ನು ಒಪ್ಪಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಮಂದಿಯನ್ನು, ಹೆಚ್ಚಿನವರು ಆಫ್ರಿಕಾ, ಮಧ್ಯಪ್ರಾಚ್ಯದವರು, ಹೆಸರಿನಿಂದ ನೆನೆದಿರಲೇ ಇಲ್ಲ. ಇನ್ನೂ ಸಾವಿರಾರು ಭಾರತೀಯರು, ಆಫ್ರಿಕನ್ನರನ್ನು ಬಿಳಿಯರಿಗೆ ಸರಿಸಮವಾಗಿ ನೆನೆದಿರಲಿಲ್ಲ. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಹೊಸ ಹೆಸರುಗಳನ್ನು ಹುಡುಕಿ ಸೇರಿಸುವ ಕೆಲಸ ಶುರುವಾಯಿತು.

ಆ ಸಂಸ್ಥೆಯ ದಾಖಲೆಗಳು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿವೆ. ಹೆಸರು, ರೆಜಿಮೆಂಟ್ ಹಾಕಿ ಹುಡುಕಬಹುದು, ತಪ್ಪಿದ್ದರೆ ತಿದ್ದಿಸಬಹುದು. ಬರ್ಮಾಕ್ಕೋ ಆಫ್ರಿಕಾಕ್ಕೋ ಹೋಗಿ ತಿರುಗಿ ಬಾರದ ಮುತ್ತಜ್ಜನ ಬಗ್ಗೆ ಮಾತು ಬಂದಾಗ ‘ಯಾವುದೋ ಯುದ್ಧದಲ್ಲಿ ಹೋದರಂತೆ’ ಎಂದು ಮುಗಿಸುವ ಮನೆಗಳು ನಮ್ಮಲ್ಲೂ ಇವೆ. ಯಾವ ಯುದ್ಧ, ಯಾವ ತುಕಡಿ, ಯಾವ ಊರಿನ ಮಣ್ಣು ಎಂದು ಕೇಳಿ ಬರೆದಿಡುವ ಹೊತ್ತು ಇದು. ವರ್ಷಕ್ಕೊಮ್ಮೆ ಹೂವಿನ ಚಕ್ರ ಇಡುವುದು ಸರ್ಕಾರಗಳ ಕೆಲಸ, ಅದು ನಡೆದೇ ನಡೆಯುತ್ತದೆ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಪಟ್ಟಿಗೆ ಸೇರಿಸುವುದು ಮಾತ್ರ ಆ ಹೆಸರು ಗೊತ್ತಿರುವವರಿಂದಲೇ ಆಗಬೇಕು.